ಶ್ರೀ ಫರ್ಡಿನಂಡ್ ಕಿಟ್ಟೆಲ್ ಸಾಹೇಬರು: ಭಾಷಾಶಾಸ್ತ್ರದ ವ್ಯಾಸಂಗವೂ ಅದರ ಫಲವೂ

ರಾಜ್ಯಗಳನ್ನು ಕಟ್ಟಿ ಆಳಿದವರ ಚರಿತ್ರೆಗಳನ್ನೂ ರಣರಂಗದಲ್ಲಿ ಜಯಶಾಲಿಗಳಾದವರ ಚರಿತ್ರೆಗಳನ್ನೂ ನಾವು ಬಾಲ್ಯದಿಂದ ಓದುತ್ತ ಬಂದಿರುವೆವು. ಆದರೆ ಒಂದು ಜನಾಂಗವು ಆಡುವ ಮಾತುಗಳನ್ನು ಒಂದೊಂದಾಗಿ ಆಯ್ದು, ಅವುಗಳ ಮೂಲವನ್ನು ಶೋಧಿಸಿ, ಅರ್ಥವನ್ನು ನಿರ್ಣಯಿಸಿ, ಮುಂದಿನ ತಲೆಮಾರುಗಳಿಗಾಗಿ ಕೂಡಿಟ್ಟವರ ಚರಿತ್ರೆಯು ಪಠ್ಯಪುಸ್ತಕಗಳಲ್ಲಿ ದೊರೆಯುವುದು ವಿರಳ. ಅಂಥವರು ನೆಲವನ್ನು ಗೆದ್ದವರಲ್ಲ, ಧನವನ್ನು ಗಳಿಸಿದವರೂ ಅಲ್ಲ. ಆದರೂ ಅವರ ಉಪಕಾರವು ಅನೇಕ ಅರಸರ ಕೋಟೆಗಳಿಗಿಂತ ಹೆಚ್ಚು ಕಾಲ ನಿಂತಿರುವುದು. ಕನ್ನಡ ನಾಡಿಗೆ ಇಂಥ ಉಪಕಾರವನ್ನು ಮಾಡಿದವರಲ್ಲಿ ಡಾಕ್ಟರ್ ಫರ್ಡಿನಂಡ್ ಕಿಟ್ಟೆಲ್ ಸಾಹೇಬರು ಅಗ್ರಗಣ್ಯರು. ಕನ್ನಡ ನಿಘಂಟು ಎಂದೊಡನೆ ಅವರ ಹೆಸರು ಎಲ್ಲರ ನಾಲಿಗೆಗೆ ಬರುವುದು. ಆದರೆ ಆ ಹೆಸರಿನ ಹಿಂದಿರುವ ಜೀವನವನ್ನು ಬಲ್ಲವರು ಕೆಲವರೇ.

ಈ ಸ್ಮರಣ ಸಂಚಿಕೆಗೆ ಅವರ ಚರಿತ್ರೆಯನ್ನು ಆರಿಸಿಕೊಂಡುದಕ್ಕೆ ಒಂದು ಕಾರಣವುಂಟು. ಪ್ರತಿವರ್ಷವೂ ನಮ್ಮ ಮೇಲಿನ ತರಗತಿಗಳಲ್ಲಿ ಒಬ್ಬಿಬ್ಬರು ಹುಡುಗಿಯರು ಭಾಷೆಯ ವಿಷಯದಲ್ಲಿ ವಿಶೇಷವಾದ ಆಸ್ಥೆಯನ್ನು ತೋರಿಸುವರು. ಹಳಗನ್ನಡದ ಪಾಠ ನಡೆದಾಗ ಅರ್ಥವನ್ನು ಬರೆದುಕೊಂಡು ಸುಮ್ಮನಾಗದೆ, ಪಾಲು ಎಂಬುದು ಹಾಲು ಎಂದು ಹೇಗಾಯಿತು, ನಮ್ಮೂರಿನಲ್ಲಿ ಒಂದು ರೀತಿಯಾಗಿಯೂ ಮೈಸೂರಿನಲ್ಲಿ ಇನ್ನೊಂದು ರೀತಿಯಾಗಿಯೂ ಏಕೆ ಮಾತಾಡುವರು ಎಂದು ಕೇಳುವರು. ಇಂಥ ಮಗಳು ವಿಶ್ವವಿದ್ಯಾಲಯಕ್ಕೆ ಹೋಗಿ ಭಾಷಾಶಾಸ್ತ್ರವನ್ನೇ ಓದಬೇಕೆಂದು ಬಯಸಿದರೆ ಪಾಲಕರ ಮುಖದಲ್ಲಿ ಚಿಂತೆ ಮೂಡುವುದು ಸಹಜ. ಆಡುವ ಭಾಷೆಯು ಎಲ್ಲರಿಗೂ ಬರುವುದಲ್ಲವೇ, ಅದನ್ನು ಓದುವುದೇನು, ಓದಿದರೆ ಅನ್ನವೆಲ್ಲಿಂದ ಬಂದೀತು ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಯನ್ನು ಹಗುರಾಗಿ ಕಾಣುವುದು ಯೋಗ್ಯವಲ್ಲ. ಕಿಟ್ಟೆಲ್ಲರು ಬದುಕಿದ್ದಾಗ ಅವರಿಗೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗಿತ್ತು. ಆದುದರಿಂದ ಅವರ ಜೀವನವೇ ಇದಕ್ಕೆ ಉತ್ತರವನ್ನು ಹೇಳಲಿ.

ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಉತ್ತರ ಸಮುದ್ರದ ದಂಡೆಗೆ ಹೊಂದಿ, ಪೂರ್ವ ಫ್ರೀಸ್‌ಲಂಡ್ ಎಂಬ ತಗ್ಗುನಾಡು ಇರುವುದು. ಆ ಕಾಲದಲ್ಲಿ ಅದು ಹ್ಯಾನೋವರ್ ರಾಜ್ಯಕ್ಕೆ ಸೇರಿತ್ತು. ಅಲ್ಲಿಯ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ ೧೮೩೨ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಫರ್ಡಿನಂಡ್ ಕಿಟ್ಟೆಲ್ಲರು ಜನಿಸಿದರು. ತಂದೆಯವರು ಸಭಾಪಾಲಕರು. ಆ ನಾಡಿನ ಜನರು ಮನೆಯಲ್ಲಿ ಆಡುತ್ತಿದ್ದುದು ಗ್ರಂಥಸ್ಥ ಜರ್ಮನ್ ಭಾಷೆಯಲ್ಲ. ಅವರಿಗೆ ತಗ್ಗುನಾಡಿನ ಬೇರೊಂದು ನುಡಿ ಇತ್ತು. ಶಾಲೆಯ ಭಾಷೆ ಒಂದು, ಹೊಲಮನೆಗಳ ಭಾಷೆ ಮತ್ತೊಂದು. ಇಂಥ ಸ್ಥಳದಲ್ಲಿ ಬೆಳೆಯುವ ಮಗುವಿಗೆ, ಮಾತು ಊರಿನಿಂದ ಊರಿಗೆ ಬದಲಾಗುವುದೆಂಬ ಸಂಗತಿಯು ಪುಸ್ತಕವಿಲ್ಲದೆಯೇ ತಿಳಿಯುವುದು. ಮುಂದೆ ಶಾಲೆಯಲ್ಲಿ ಅವರು ಲ್ಯಾಟಿನ್, ಗ್ರೀಕ್ ಮೊದಲಾದ ಪ್ರಾಚೀನ ಭಾಷೆಗಳನ್ನು ಕಲಿತರು.

೧೮೫೦ರಲ್ಲಿ ಅವರು ಸ್ವಿಟ್ಜರ್ಲಂಡಿನ ಬಾಸೆಲ್ ಪಟ್ಟಣದಲ್ಲಿದ್ದ ಮಿಶನ್ ವಿದ್ಯಾಲಯವನ್ನು ಸೇರಿದರು. ಮೂರು ವರ್ಷಗಳ ತರಬೇತಿಯಾದ ಬಳಿಕ, ಯಾವ ವಿಶ್ವವಿದ್ಯಾಲಯದ ಪದವಿಯೂ ಇಲ್ಲದೆ, ತಮ್ಮ ೨೧ನೆಯ ವಯಸ್ಸಿನಲ್ಲಿ ಹಿಂದುಸ್ಥಾನಕ್ಕೆ ಹೊರಟರು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ವಿಶ್ವವಿದ್ಯಾಲಯವೇ ಅವರನ್ನು ಕರೆದು ಗೌರವಿಸಿತು.

ಆಗಿನ ಜರ್ಮನಿಯಲ್ಲಿ ಭಾಷೆಗಳ ಶಾಸ್ತ್ರೀಯ ಅಧ್ಯಯನವು ಹೊಸದಾಗಿ ಚಿಗುರಿ ಬೆಳೆಯುತ್ತಿದ್ದಿತು. ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸರು ೧೭೮೬ರಲ್ಲಿ ಕಲಕತ್ತೆಯ ಸಭೆಯೊಂದರಲ್ಲಿ ಸೂಚಿಸಿದ್ದರು. ಬೊಪ್ ಎಂಬ ಪಂಡಿತರು ಆ ಸೂಚನೆಯನ್ನು ಕ್ರಿಯಾಪದಗಳ ರೂಪಗಳಿಂದ ಸಾಧಿಸಿ ತೋರಿಸಿದರು. ಮಕ್ಕಳ ಕಥೆಗಳಿಂದ ಪ್ರಸಿದ್ಧರಾದ ಗ್ರಿಮ್ ಸಹೋದರರು ಜರ್ಮನ್ ಭಾಷೆಯ ಬೃಹತ್ ನಿಘಂಟಿನ ಮೊದಲನೆಯ ಸಂಪುಟವನ್ನು ೧೮೫೪ರಲ್ಲಿ ಮುದ್ರಿಸಿದರು. ಭಾಷೆಯು ಮನುಷ್ಯರ ಇಚ್ಛೆಗೆ ಬಂದಂತೆ ಬದಲಾಗದೆ ನಿಯಮಗಳಿಗನುಸಾರವಾಗಿ ಬದಲಾಗುವುದು, ಆ ನಿಯಮಗಳನ್ನು ಕಂಡುಹಿಡಿಯಬಹುದು ಎಂಬುದು ಆ ಯುಗದ ಮಹತ್ತಾದ ಶೋಧ. ಈ ದೃಷ್ಟಿಯನ್ನು ಕಿಟ್ಟೆಲ್ಲರು ಕನ್ನಡ ನಾಡಿಗೆ ತಂದರು.

೧೮೫೩ರಲ್ಲಿ ಅವರು ಬಂದು ನೆಲಸಿದ್ದು ಧಾರವಾಡದಲ್ಲಿ. ಆ ಕಾಲದ ಧಾರವಾಡ, ಬೆಳಗಾವಿ ಸೀಮೆಗಳನ್ನೂ ಸುತ್ತಲಿನ ಸಂಸ್ಥಾನಗಳನ್ನೂ ಸರಕಾರದ ಕಾಗದಪತ್ರಗಳಲ್ಲಿ ದಕ್ಷಿಣ ಮಹಾರಾಷ್ಟ್ರವೆಂದು ಕರೆಯುತ್ತಿದ್ದರು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ರಬಕವಿಯು ಸಾಂಗಲಿಯ ಸಂಸ್ಥಾನಕ್ಕೆ ಸೇರಿತ್ತು. ಜನರ ಮನೆಮಾತು ಕನ್ನಡ. ಆದರೆ ಕಚೇರಿಗಳಲ್ಲಿಯೂ ಬಹುಮಟ್ಟಿಗೆ ಶಾಲೆಗಳಲ್ಲಿಯೂ ನಡೆಯುತ್ತಿದ್ದುದು ಮರಾಠಿ. ತನ್ನ ಭಾಷೆಯಲ್ಲಿ ಓದುಬರಹವನ್ನು ಕಲಿಯುವ ಸೌಕರ್ಯವು ಕನ್ನಡದ ಮಗುವಿಗೆ ದುರ್ಲಭವಾಗಿದ್ದ ಕಾಲವದು. ಡೆಪ್ಯುಟಿ ಚೆನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿಯುತ್ತಿದ್ದ ಆ ದಿನಗಳಲ್ಲಿ, ಅರಮನೆಯ ಆದರವೂ ಕಚೇರಿಯ ಸ್ಥಾನವೂ ಇಲ್ಲದ ಈ ಭಾಷೆಯನ್ನು ಒಬ್ಬ ತರುಣ ವಿದೇಶೀಯನು ತನ್ನ ಜೀವಿತದ ಕಾರ್ಯವಾಗಿ ಕೈಕೊಂಡನು.

ಕಿಟ್ಟೆಲ್ಲರು ಭಾಷೆಯನ್ನು ಬಂಗಲೆಯಲ್ಲಿ ಕುಳಿತು ಕಲಿಯಲಿಲ್ಲ. ಊರಿಂದೂರಿಗೆ ನಡೆದು ಹೋಗುತ್ತ, ಹಳ್ಳಿಗರೊಡನೆ ಮಾತಾಡುತ್ತ, ಪಂಡಿತರ ಬಳಿಯಲ್ಲಿ ಓಲೆಗರಿಯ ಗ್ರಂಥಗಳನ್ನು ಓದುತ್ತ ಕಲಿತರು. ಕನ್ನಡಿಗರ ನಡುವೆ ಕೆಲಸಮಾಡಬೇಕಾದವನು ಕನ್ನಡಿಗನಂತೆಯೇ ಆಗಬೇಕೆಂಬುದು ಅವರ ನಂಬುಗೆ. ಈ ನಂಬುಗೆಯಿಂದಲೇ ಅವರಿಗೆ ಕಷ್ಟವೊದಗಿತು. ಉಪದೇಶಕ್ಕಾಗಿ ಕಳುಹಿಸಲ್ಪಟ್ಟವನು ಹಳೆಯ ಕಾವ್ಯಗಳಲ್ಲಿಯೂ ಛಂದಸ್ಸಿನಲ್ಲಿಯೂ ಕಾಲವನ್ನು ಕಳೆಯುವುದು ಮಿಶನಿನ ಹಿರಿಯರಿಗೆ ಸರಿದೋರಲಿಲ್ಲ. ಭಾಷೆಯು ಕೆಲಸಕ್ಕೆ ಸಾಧನವಾಗಿ ಸಾಕಾಗುವಷ್ಟು ಬಂದರೆ ಸಾಲದೇ ಎಂಬುದು ಅವರ ಅಭಿಪ್ರಾಯವಾಗಿತ್ತು. ಎರಡೂ ಕಡೆಯಲ್ಲಿ ಅಸಮಾಧಾನವು ಬೆಳೆಯಿತು. ಕಿಟ್ಟೆಲ್ಲರು ಸಹೋದ್ಯೋಗಿಗಳಲ್ಲಿ ಒಂಟಿಯಾದರು. ಆದರೂ ಅವರು ತಮ್ಮ ವ್ಯಾಸಂಗವನ್ನು ಬಿಡಲಿಲ್ಲ. ಹಿರಿಯರ ಪ್ರಶ್ನೆಗೂ ಇಂದಿನ ಪಾಲಕರ ಪ್ರಶ್ನೆಗೂ ಹೆಚ್ಚು ಅಂತರವಿಲ್ಲವೆಂಬುದನ್ನು ವಾಚಕರೇ ಕಾಣುವರು.

ತದನಂತರ ಅವರು ಮಂಗಳೂರಿನಲ್ಲಿಯೂ ಕೊಡಗಿನ ಮಡಿಕೇರಿಯಲ್ಲಿಯೂ ಇದ್ದರು. ಮಂಗಳೂರಿನಲ್ಲಿ ಬಾಸೆಲ್ ಮಿಶನಿನ ಮುದ್ರಣಾಲಯವಿತ್ತು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ೧೮೪೩ರಲ್ಲಿ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಸಾಹೇಬರು ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸುವ ಕಾರ್ಯವನ್ನು ಆಗಲೇ ಆರಂಭಿಸಿದ್ದರು. ಕಿಟ್ಟೆಲ್ಲರು ಆ ದಾರಿಯಲ್ಲಿ ಮುಂದುವರಿದರು. ೧೮೬೨ರಲ್ಲಿ ಅವರು ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ಹಾಡಿ, ಕಥಾಮಾಲೆಯೆಂಬ ಹೆಸರಿನಿಂದ ಪ್ರಕಟಿಸಿದರು. ಬೇರೆ ದೇಶದಲ್ಲಿ ಹುಟ್ಟಿದವರೊಬ್ಬರು ಒಂದು ಭಾಷೆಯಲ್ಲಿ ಪದ್ಯವನ್ನು ಕಟ್ಟುವಷ್ಟು ಪರಿಶ್ರಮವನ್ನು ಪಡೆಯುವುದು ಸಾಮಾನ್ಯ ಮಾತಲ್ಲ. ಈ ಕಾಲದಲ್ಲಿಯೇ ಗೃಹಜೀವನದ ದುಃಖವನ್ನೂ ಅವರು ಅನುಭವಿಸಿದರು. ಅವರ ಪತ್ನಿ ಪೌಲೀನೆಯವರು ಎಳೆಯ ಮಕ್ಕಳನ್ನು ಬಿಟ್ಟು ತೀರಿಕೊಂಡರು. ಕೆಲಕಾಲದ ಮೇಲೆ ಆಕೆಯ ಸೋದರಿಯಾದ ಯೂಲಿಯೆಯವರನ್ನು ಅವರು ವಿವಾಹವಾದರು.

ಅವರ ವ್ಯಾಸಂಗದ ರೀತಿ ಎಂಥದೆಂಬುದನ್ನು ಒಂದೆರಡು ಉದಾಹರಣೆಗಳಿಂದ ತಿಳಿಯಬಹುದು. ಕನ್ನಡ, ತಮಿಳು, ತೆಲುಗು, ಮಲೆಯಾಳ, ತುಳು, ಕೊಡಗು ಇವೆಲ್ಲ ಒಂದೇ ಮನೆತನದ ಭಾಷೆಗಳೆಂಬ ವಿಚಾರವನ್ನು ರಾಬರ್ಟ್ ಕಾಲ್ಡ್‌ವೆಲ್ ಸಾಹೇಬರು ೧೮೫೬ರಲ್ಲಿ ತಮ್ಮ ತೌಲನಿಕ ವ್ಯಾಕರಣದಿಂದ ವಿಸ್ತಾರವಾಗಿ ಪ್ರತಿಪಾದಿಸಿದ್ದರು. ಒಂದು ಮನೆತನದವರ ಮುಖಲಕ್ಷಣವು ಮಕ್ಕಳಲ್ಲಿ ಸ್ವಲ್ಪ ಸ್ವಲ್ಪ ಭೇದದಿಂದ ಕಾಣುವಂತೆ, ಈ ಭಾಷೆಗಳ ಶಬ್ದಗಳಲ್ಲಿಯೂ ಕಾಣುವುದು. ನಾವು ಹಾಲು, ಹೂವು, ಹತ್ತು ಎನ್ನುವಲ್ಲಿ ತಮಿಳರು ಪಾಲ್, ಪೂ, ಪತ್ತು ಎನ್ನುವರು. ಹಳಗನ್ನಡದಲ್ಲಿಯೂ ಈ ಶಬ್ದಗಳಿಗೆ ಪಕಾರವೇ ಇತ್ತು. ಅಂದಮೇಲೆ ಮುಧೋಳದಲ್ಲಿ ಹುಟ್ಟಿದ ಕವಿಚಕ್ರವರ್ತಿ ರನ್ನನ ಕಾಲದ ಕಾವ್ಯಭಾಷೆಯಲ್ಲಿ ಪಾಲ್ ಎಂದಿದ್ದ ಪದಾರ್ಥವನ್ನೇ ಇಂದು ಅದೇ ಮುಧೋಳದ ತಾಯಿ ಹಾಲು ಎಂದು ಮಗುವಿಗೆ ಕುಡಿಸುವಳು. ಒಂದು ಶಬ್ದದಲ್ಲಿ ಮಾತ್ರ ಇದು ನಡೆದಿದ್ದರೆ ಆಕಸ್ಮಿಕವೆನ್ನಬಹುದಾಗಿತ್ತು. ನೂರಾರು ಶಬ್ದಗಳ ಮೊದಲಲ್ಲಿದ್ದ ಪಕಾರವು ಹೀಗೆಯೇ ಹಕಾರವಾಗಿರುವುದರಿಂದ ಅದು ನಿಯಮ.

ಇನ್ನೊಂದು ಉದಾಹರಣೆ. ಮಳೆ, ಬಳೆ ಎಂಬ ಎರಡು ಶಬ್ದಗಳಲ್ಲಿ ನಾವಿಂದು ಒಂದೇ ಳಕಾರವನ್ನು ನುಡಿಯುವೆವು, ಒಂದೇ ಅಕ್ಷರವನ್ನು ಬರೆಯುವೆವು. ಆದರೆ ಹಳಗನ್ನಡದಲ್ಲಿ ಆಕಾಶದಿಂದ ಬೀಳುವುದು ಮೞೆ, ಕೈಗೆ ತೊಡುವುದು ಬಳೆ. ೞ ಎಂಬ ಬೇರೆ ಅಕ್ಷರವೊಂದು ನಮ್ಮಲ್ಲಿತ್ತು. ಕಾಲಾಂತರದಲ್ಲಿ ಅದರ ಧ್ವನಿಯು ಲೋಪವಾಯಿತು. ತಮಿಳು ಮಲೆಯಾಳಗಳಲ್ಲಿ ಆ ಧ್ವನಿ ಇಂದಿಗೂ ಉಳಿದಿರುವುದರಿಂದ, ತಮಿಳು ನಾಡಿನ ಮಗುವು ಈ ಎರಡು ಶಬ್ದಗಳ ಭೇದವನ್ನು ಪ್ರಯಾಸವಿಲ್ಲದೆ ನುಡಿಯುವುದು. ಹೀಗೆ ಅಕ್ಕತಂಗಿಯರಂಥ ಭಾಷೆಗಳನ್ನು ಹೋಲಿಸಿ ನೋಡಿದಾಗ, ಒಬ್ಬಳು ಕಳೆದುಕೊಂಡ ಒಡವೆಯು ಮತ್ತೊಬ್ಬಳ ಪೆಟ್ಟಿಗೆಯಲ್ಲಿ ಸಿಕ್ಕುವುದು. ಕಿಟ್ಟೆಲ್ಲರು ತಮ್ಮ ನಿಘಂಟಿನಲ್ಲಿ ಈ ಹಳೆಯ ಅಕ್ಷರಗಳ ಭೇದವನ್ನು ಜಾಗರೂಕತೆಯಿಂದ ಕಾಪಾಡಿದರು.

ಇಂಥ ಕಾರ್ಯಕ್ಕೆ ಹಳೆಯ ಗ್ರಂಥಗಳು ಶುದ್ಧಪಾಠದಲ್ಲಿ ದೊರೆಯಬೇಕು. ಹದಿಮೂರನೆಯ ಶತಮಾನದ ಕೇಶಿರಾಜನು ಬರೆದ ಶಬ್ದಮಣಿದರ್ಪಣವೆಂಬ ಕನ್ನಡ ವ್ಯಾಕರಣವನ್ನು ಕಿಟ್ಟೆಲ್ಲರು ೧೮೭೨ರಲ್ಲಿ ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಹತ್ತನೆಯ ಶತಮಾನದ ನಾಗವರ್ಮನ ಛಂದೋಂಬುಧಿಯನ್ನು ೧೮೭೫ರಲ್ಲಿ ಪ್ರಕಟಿಸಿ, ಅದಕ್ಕೆ ಕನ್ನಡ ಸಾಹಿತ್ಯವನ್ನು ಕುರಿತ ದೀರ್ಘವಾದ ಲೇಖವನ್ನು ಜೋಡಿಸಿದರು. ಕನ್ನಡದಲ್ಲಿ ಇಷ್ಟು ಪುರಾತನವಾದ ಸಾಹಿತ್ಯವುಂಟೆಂಬುದನ್ನು ಹೊರಗಿನ ವಿದ್ವಾಂಸರು ತಿಳಿದುಕೊಳ್ಳಲು ಈ ಲೇಖವು ಬಹಳ ಸಹಾಯವಾಯಿತು. ಇಂಡಿಯನ್ ಆಂಟಿಕ್ವೆರಿ ಎಂಬ ಸಂಶೋಧನ ಪತ್ರಿಕೆಯಲ್ಲಿ, ಸಂಸ್ಕೃತ ಕೋಶಗಳಲ್ಲಿ ಸೇರಿಕೊಂಡಿರುವ ದ್ರಾವಿಡ ಶಬ್ದಗಳನ್ನು ಕುರಿತು ಅವರು ೧೮೭೨ರಲ್ಲಿ ಬರೆದರು. ಕನ್ನಡವು ಸಂಸ್ಕೃತದಿಂದ ಸಾಲವನ್ನು ತಂದಿರುವುದನ್ನು ಎಲ್ಲರೂ ಬಲ್ಲರು. ಸಂಸ್ಕೃತವೂ ದಕ್ಷಿಣದ ಭಾಷೆಗಳಿಂದ ಪಡೆದುಕೊಂಡಿರುವುದೆಂಬ ಮಾತು ಆ ಕಾಲಕ್ಕೆ ಅನೇಕರಿಗೆ ಹೊಸದಾಗಿ ತೋರಿತು.

ನಿಘಂಟಿನ ಕಾರ್ಯಕ್ಕೆ ಅವರು ಸುಮಾರು ಎರಡು ದಶಕಗಳನ್ನು ಸಲ್ಲಿಸಿದರು. ಅವರಿಗಿಂತ ಮೊದಲು ವಿಲಿಯಂ ರೀವ್ ಸಾಹೇಬರ ಕನ್ನಡ ಇಂಗ್ಲಿಷ್ ಕೋಶವು ೧೮೩೨ರಲ್ಲಿ, ಅಂದರೆ ಕಿಟ್ಟೆಲ್ಲರು ಹುಟ್ಟಿದ ವರ್ಷದಲ್ಲಿಯೇ, ಪ್ರಕಟವಾಗಿತ್ತು. ಆದರೆ ಹಳಗನ್ನಡದ ಕಾವ್ಯಗಳಿಗೂ ಹಳ್ಳಿಯ ಆಡುಮಾತಿಗೂ ಏಕಕಾಲದಲ್ಲಿ ಉಪಯೋಗವಾಗುವ ಕೋಶವು ಇರಲಿಲ್ಲ. ಕಿಟ್ಟೆಲ್ಲರು ಓಲೆಗರಿಗಳನ್ನು ಓದಿದರು, ಗಾದೆಗಳನ್ನು ಕೂಡಿಸಿದರು, ಗಿಡಮೂಲಿಕೆಗಳ ಹೆಸರುಗಳನ್ನು ವಿಚಾರಿಸಿ ಬರೆದುಕೊಂಡರು. ಈ ಕಾರ್ಯದಲ್ಲಿ ದೇಶೀಯ ಪಂಡಿತರು ಅವರಿಗೆ ನೆರವಾದರು. ಆ ಸಹಾಯವಿಲ್ಲದೆ ಇಂಥ ಗ್ರಂಥವು ಸಿದ್ಧವಾಗುವುದು ಅಶಕ್ಯವಾಗಿತ್ತು. ಮಧ್ಯದಲ್ಲಿ ಕೆಲವು ವರ್ಷ ಸ್ವದೇಶಕ್ಕೆ ಹೋಗಿದ್ದವರು, ಆಡುವವರ ಮಾತು ಕಿವಿಗೆ ಬೀಳದ ಸ್ಥಳದಲ್ಲಿ ಕೋಶಕಾರ್ಯವು ಸಾಗದೆಂದು ಕಂಡು, ೧೮೮೦ರ ದಶಕದಲ್ಲಿ ಪುನಃ ಈ ದೇಶಕ್ಕೆ ಬಂದು ಅದನ್ನು ಮುಂದುವರಿಸಿದರು. ಅಂದಿನ ದಿನಗಳಲ್ಲಿ ಬರಹವೆಲ್ಲ ಕೈಯಿಂದ, ಓದೆಲ್ಲ ಎಣ್ಣೆಯ ದೀಪದಿಂದ. ಕಣ್ಣುಗಳು ಕೆಟ್ಟವು, ದೇಹವು ಕೃಶವಾಯಿತು. ಕಾರ್ಯ ಮಾತ್ರ ನಿಲ್ಲಲಿಲ್ಲ.

೧೮೯೪ರಲ್ಲಿ ಕನ್ನಡ ಇಂಗ್ಲಿಷ್ ನಿಘಂಟು ಮಂಗಳೂರಿನಿಂದ ಹೊರಬಿತ್ತು. ಸಾವಿರದ ಏಳುನೂರು ಪುಟಗಳಿಗೂ ಮಿಕ್ಕಿದ ಆ ಗ್ರಂಥದಲ್ಲಿ ಸುಮಾರು ೭೦,೦೦೦ ಶಬ್ದಗಳುಂಟು. ಒಂದೊಂದು ಶಬ್ದಕ್ಕೂ ಅರ್ಥವಲ್ಲದೆ, ಅದು ದೇಶ್ಯವೋ ತತ್ಸಮವೋ ತದ್ಭವವೋ ಅನ್ಯದೇಶ್ಯವೋ ಎಂಬ ವಿವೇಚನೆ, ಸೋದರಭಾಷೆಗಳಲ್ಲಿ ಅದರ ರೂಪ, ಗ್ರಂಥಗಳಲ್ಲಿಯ ಪ್ರಯೋಗ, ಗಾದೆಗಳು ಇವನ್ನೂ ಕೊಟ್ಟಿರುವರು. ಅಲ್ಲದೆ ಶಬ್ದವು ಯಾವ ಸೀಮೆಯಲ್ಲಿ ಬಳಕೆಯಲ್ಲಿರುವುದೆಂಬುದಕ್ಕೂ ಗುರುತುಗಳುಂಟು. ಮೈಸೂರಿಗೆ ಒಂದು ಗುರುತು. ದಕ್ಷಿಣ ಮಹಾರಾಷ್ಟ್ರಕ್ಕೆ ಮತ್ತೊಂದು. ಈ ಎರಡನೆಯ ಗುರುತನ್ನು ಕಂಡಲ್ಲೆಲ್ಲ ನಮ್ಮ ಕಡೆಯ ವಾಚಕರು ಸಂತೋಷಪಡಬೇಕು. ಅಂದು ಕಚೇರಿಯಲ್ಲಿ ಬೆಲೆಯಿಲ್ಲದೆ, ಹೊಲದಲ್ಲಿಯೂ ಅಡಿಗೆಮನೆಯಲ್ಲಿಯೂ ಮಾತ್ರ ಬದುಕಿದ್ದ ನಮ್ಮ ಅಜ್ಜಿಯರ ನುಡಿಗೆ ಆ ಮಹಾಗ್ರಂಥದಲ್ಲಿ ರಾಜಧಾನಿಯ ನುಡಿಯ ಪಕ್ಕದಲ್ಲಿ ಸಮಾನವಾದ ಆಸನವು ದೊರೆತಿರುವುದು. ನಮ್ಮ ಮಾತು ಒರಟು, ಅಶುದ್ಧ ಎಂದು ನಾಚುವ ಹುಡುಗಿಯರು ಆ ಪುಟಗಳನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಎರಡು ವರ್ಷಗಳ ತರುವಾಯ, ೧೮೯೬ರಲ್ಲಿ, ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಕಿಟ್ಟೆಲ್ಲರಿಗೆ ಡಾಕ್ಟರ್ ಪದವಿಯನ್ನಿತ್ತು ಸನ್ಮಾನಿಸಿತು. ಹಿರಿಯರು ಕಾಲಹರಣವೆಂದು ಭಾವಿಸಿದ್ದ ವ್ಯಾಸಂಗಕ್ಕೆ ವಿದ್ವತ್ಸಭೆಯು ಮನ್ನಣೆಯನ್ನು ಕೊಟ್ಟಂತಾಯಿತು. ಕಿಟ್ಟೆಲ್ಲರು ಅಷ್ಟರಿಂದ ವಿಶ್ರಾಂತಿಯನ್ನು ಪಡೆಯಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದರು. ಅದು ೧೯೦೩ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ, ೭೧ನೆಯ ವಯಸ್ಸಿನಲ್ಲಿ, ಟ್ಯೂಬಿಂಗನ್ ಪಟ್ಟಣದಲ್ಲಿ ಅವರು ಸ್ವರ್ಗಸ್ಥರಾದರು.

ಚರಿತ್ರೆಯನ್ನು ಬರೆಯುವವರು ಗುಣವನ್ನು ಮಾತ್ರ ಹೇಳಿದರೆ ನ್ಯಾಯವಾಗದು. ಕಿಟ್ಟೆಲ್ಲರು ತಮ್ಮ ಕಾಲದ ಮಿಶನರಿಗಳಲ್ಲಿ ಒಬ್ಬರು. ಈ ದೇಶದ ಮತಾಚಾರಗಳನ್ನು ಕುರಿತು ಅವರು ಬರೆದುದರಲ್ಲಿ ಆ ಕಾಲದ ಪೂರ್ವಗ್ರಹಗಳು ಕಾಣುವವು. ಅವೆಲ್ಲವನ್ನೂ ನಾವು ಒಪ್ಪಬೇಕಾದುದಿಲ್ಲ. ಅವರು ಹೇಳಿದ ಕೆಲವು ಶಬ್ದಮೂಲಗಳನ್ನೂ ಮುಂದಿನ ಪಂಡಿತರು ತಿದ್ದಿರುವರು. ಶಾಸ್ತ್ರವು ಬೆಳೆಯುವ ಕ್ರಮವೇ ಅದು. ಆದರೆ ಕಿಟ್ಟೆಲ್ಲರನ್ನು ತಿದ್ದಬೇಕಾದವರೂ ಮೊದಲು ಕಿಟ್ಟೆಲ್ಲರನ್ನೇ ತೆರೆದು ನೋಡಬೇಕಾಗುವುದು.

ಅವರ ಕಾರ್ಯವು ಅವರೊಡನೆ ಮುಗಿಯಲಿಲ್ಲ. ಬರೋ ಮತ್ತು ಎಮಿನೋ ಎಂಬ ಇಬ್ಬರು ಭಾಷಾಶಾಸ್ತ್ರಜ್ಞರು ೧೯೬೧ರಲ್ಲಿ ಪ್ರಕಟಿಸಿದ ದ್ರಾವಿಡ ಶಬ್ದವ್ಯುತ್ಪತ್ತಿ ಕೋಶದಲ್ಲಿ ಕನ್ನಡಕ್ಕೆ ಮುಖ್ಯ ಆಧಾರವಾದುದು ಕಿಟ್ಟೆಲ್ ನಿಘಂಟು. ಮದರಾಸು ವಿಶ್ವವಿದ್ಯಾಲಯದ ಶ್ರೀ ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ, ವಿಸ್ತರಿಸಿ, ೧೯೬೮ರಿಂದ ೧೯೭೧ರ ವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟು ಅನೇಕ ವಿದ್ವಾಂಸರ ದೀರ್ಘ ಪರಿಶ್ರಮದಿಂದ ೧೯೯೫ರಲ್ಲಿ ಪೂರ್ಣಗೊಂಡಿತು. ಧಾರವಾಡದಲ್ಲಿ ಕಿಟ್ಟೆಲ್ಲರ ಹೆಸರಿನ ಕಾಲೇಜು ಇರುವುದು. ಬೆಂಗಳೂರಿನಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಿರುವರು.

ಈಗ ಪಾಲಕರ ಪ್ರಶ್ನೆಗೆ ಬರುವೆನು. ಕಿಟ್ಟೆಲ್ಲರು ಒಂಟಿಯಾಗಿ, ಅರ್ಧ ಜೀವಮಾನವನ್ನು ಸವೆಸಿ ಕಟ್ಟಿಕೊಂಡ ವಿದ್ಯೆಯನ್ನು ಇಂದು ವಿಶ್ವವಿದ್ಯಾಲಯಗಳಲ್ಲಿ ಕ್ರಮಬದ್ಧವಾಗಿ ಕಲಿಸುವರು. ಪುಣೆಯ ಡೆಕ್ಕನ್ ಕಾಲೇಜು, ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಮೊದಲಾದವು ಈ ಶಾಸ್ತ್ರಕ್ಕೆ ಹೆಸರಾಗಿರುವವು. ಎರಡೂ ನಮ್ಮ ಸೀಮೆಯಿಂದ ಬಹಳ ದೂರದವಲ್ಲ. ಧ್ವನಿಗಳು ಬಾಯಲ್ಲಿ ಹೇಗೆ ಹುಟ್ಟುವವು, ಪದಗಳು ಹೇಗೆ ಕೂಡುವವು, ವಾಕ್ಯವು ಹೇಗೆ ನಿಲ್ಲುವುದು, ಅರ್ಥವು ಹೇಗೆ ಸರಿಯುವುದು, ಒಂದು ಭಾಷೆಯೊಳಗಿನ ಉಪಭಾಷೆಗಳು ಹೇಗೆ ಭಿನ್ನವಾಗುವವು ಎಂಬಿವು ಅಲ್ಲಿಯ ಪಾಠಗಳು. ಬರಹವನ್ನೇ ಕಾಣದ ಭಾಷೆಯನ್ನು ಆಡುವವರ ಬಾಯಿಂದ ಕೇಳಿ ಬರೆದುಕೊಳ್ಳುವ ಅಭ್ಯಾಸವನ್ನೂ ಮಾಡಿಸುವರು. ಇದು ಕಂಠಪಾಠದ ವಿದ್ಯೆಯಲ್ಲ. ಗಣಿತದಂತೆ ವಿವೇಚನೆಯನ್ನೂ, ವೈದ್ಯದಂತೆ ಸೂಕ್ಷ್ಮವಾದ ಅವಲೋಕನವನ್ನೂ ಬೇಡುವ ವಿದ್ಯೆ.

ಓದಿದ ಮೇಲೆ ದಾರಿಗಳು ಹಲವು. ಕಾಲೇಜುಗಳಲ್ಲಿ ಅಧ್ಯಾಪನ, ಕೋಶಗಳ ಮತ್ತು ಪಠ್ಯಪುಸ್ತಕಗಳ ರಚನೆ, ಭಾಷಾಂತರ, ಶಾಸನಗಳ ಪರಿಶೋಧನೆ ಇವು ಹಳೆಯ ದಾರಿಗಳು. ಮೈಸೂರಿನಲ್ಲಿ ೧೯೬೯ರಲ್ಲಿ ಸ್ಥಾಪಿತವಾದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯು ದೇಶದ ದೊಡ್ಡ ಭಾಷೆಗಳಲ್ಲದೆ, ಕೆಲವೇ ಸಾವಿರ ಜನರಾಡುವ ಗಿರಿಜನರ ಭಾಷೆಗಳನ್ನೂ ಅಧ್ಯಯನ ಮಾಡಿಸುವುದು. ಅದೇ ಪಟ್ಟಣದಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಮಾತು ಬಾರದ ಮಕ್ಕಳಿಗೂ ರೋಗದಿಂದ ಮಾತನ್ನು ಕಳೆದುಕೊಂಡವರಿಗೂ ಚಿಕಿತ್ಸೆಯನ್ನು ಕಲಿಸುವರು. ಆ ಚಿಕಿತ್ಸೆಗೆ ಧ್ವನಿಶಾಸ್ತ್ರವೇ ಬುನಾದಿ. ಇನ್ನು ಕಂಪ್ಯೂಟರುಗಳು ಕನ್ನಡವನ್ನು ಓದುವಂತೆ, ಕೇಳಿ ತಿಳಿಯುವಂತೆ, ಭಾಷಾಂತರಿಸುವಂತೆ ಮಾಡುವ ಕಾರ್ಯವು ಈ 
ಕಾಲದ ಹೊಸ ದಾರಿ. ಯಂತ್ರವನ್ನು ಬಲ್ಲವರು ಅನೇಕರಿರುವರು. ಆದರೆ ಕನ್ನಡದ ಒಂದು ಕ್ರಿಯಾಪದವು ಕಾಲಕ್ಕೂ ಲಿಂಗಕ್ಕೂ ವಚನಕ್ಕೂ ಎಷ್ಟು ರೂಪಗಳನ್ನು ತಾಳುವುದು, ಸಂಧಿಯಲ್ಲಿ ಯಾವ ಅಕ್ಷರವು ಲೋಪವಾಗುವುದು ಎಂಬುದನ್ನು ಯಂತ್ರಕ್ಕೆ ತಿಳಿಯುವಂತೆ ವಿಂಗಡಿಸಿಕೊಡಬಲ್ಲವರು ಬೇಕಾಗಿರುವರು. ೨೦೧೧ರ ಜನಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಯಿಸಿದವರು ನಾಲ್ಕು ಕೋಟಿ ಮೂವತ್ತು ಲಕ್ಷಕ್ಕೂ ಹೆಚ್ಚು. ಇಷ್ಟು ಜನರ ಭಾಷೆಗೆ ಸೇವಕರು ಬೇಡವೇ?

ನಮ್ಮ ನಾಲ್ಕು ತಾಲೂಕುಗಳ ಮಟ್ಟಿಗೆ ಈ ಮಾತು ಇನ್ನೂ ಅವಸರದ್ದು. ಜಮಖಂಡಿ, ಮುಧೋಳ ಸಂಸ್ಥಾನಗಳು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ರಲ್ಲಿ ಈ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿ, ಕನ್ನಡವೇ ಶಾಲೆ ಕಚೇರಿಗಳ ಭಾಷೆಯಾಯಿತು. ಆದರೂ ಹಳೆಯ ಸಂಬಂಧಗಳ ನೆನಪು ಮಾತಿನಲ್ಲಿ ಉಳಿದಿರುವುದು. ನಾವು ದಿನವೂ ಆಡುವ ಪಗಾರ, ಚಾವಿ ಎಂಬ ಶಬ್ದಗಳು ಪೋರ್ತುಗೀಸರಿಂದ ಬಂದವು, ಕಾಗದವೆಂಬುದು ಪಾರಸಿಯಿಂದ ಬಂದಿತು. ಹೀಗೆ ಒಂದು ಮನೆಯ ಮಾತಿನಲ್ಲಿಯೇ ಒಂದು ದೇಶದ ಇತಿಹಾಸವಡಗಿರುವುದು. ರಬಕವಿ ಬನಹಟ್ಟಿಗಳ ಕೈಮಗ್ಗದ ಮನೆಗಳಲ್ಲಿ ಹಾಸು, ಹೊಕ್ಕು, ಲಾಳಿ ಎಂಬಿವುಗಳ ಸುತ್ತ ಎಷ್ಟೋ ಶಬ್ದಗಳು ಬೆಳೆದಿದ್ದವು. ಯಂತ್ರಮಗ್ಗವು ಬಂದ ಮೇಲೆ ಕೈಗೆ ಕೆಲಸವು ತಪ್ಪಿದಂತೆ ಬಾಯಿಗೆ ಆ ಶಬ್ದಗಳೂ ತಪ್ಪುತ್ತಿರುವವು. ಕೂರಿಗೆ, ರಂಟೆ, ಕುಂಟೆಗಳ ಅಂಗಾಂಗಗಳ ಹೆಸರುಗಳನ್ನು ಟ್ರಾಕ್ಟರನ್ನು ನಡೆಯಿಸುವ ಮಕ್ಕಳು ಅರಿಯರು. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಏರಿದಾಗ ಬೀಳಗಿ ತಾಲೂಕಿನ ಹಳ್ಳಿಗಳು ನೀರಿನಲ್ಲಿ ಮುಳುಗಿ, ಜನರು ಬೇರೆ ಬೇರೆ ಸ್ಥಳಗಳಿಗೆ ಚದರಿಹೋದರು. ಮನೆಗಳಿಗೂ ಹೊಲಗಳಿಗೂ ಸರಕಾರವು ಪರಿಹಾರವನ್ನು ಕೊಡಬಹುದು. ಒಂದು ಊರಿನ ಹಳ್ಳಕೊಳ್ಳಗಳ, ಹೊಲದ ತುಂಡುಗಳ, ಬೀಸುವ ಹಾಡುಗಳ ಹೆಸರುಗಳಿಗೆ ಪರಿಹಾರವೆಲ್ಲಿಯದು? ಅವನ್ನು ಬಲ್ಲ ಅಜ್ಜಿಯರು ಇನ್ನೂ ಕೆಲವರು ನಮ್ಮ ನಡುವೆ ಇರುವರು. ಬಹಳ ಕಾಲ ಇರಲಾರರು.

ಕಿಟ್ಟೆಲ್ಲರಿಗೆ ಸುಲಭವಾಗಿ ಪ್ರವೇಶವಿಲ್ಲದಿದ್ದ ಸ್ಥಳವೊಂದಿತ್ತು. ಅದು ಅಡಿಗೆಮನೆಯ ಒಳಗಣ, ಬಾಣಂತಿಯ ಕೋಣೆಯ, ಬೀಸುವ ಕಲ್ಲಿನ ಬದಿಯ ಮಾತು. ವಿದೇಶೀಯರಾದ ಪುರುಷರೊಬ್ಬರು ಅದನ್ನು ಎಷ್ಟು ಕೇಳಿಯಾರು? ನಮ್ಮ ಹುಡುಗಿಯರು ಆ ಮಾತಿನ ನಡುವೆಯೇ ಹುಟ್ಟಿ ಬೆಳೆದವರು. ಶಾಸ್ತ್ರವನ್ನು ವಿಶ್ವವಿದ್ಯಾಲಯವು ಕಲಿಸಬಹುದು, ಮಾತನ್ನು ತಾಯಿಯೇ ಕಲಿಸಬೇಕು. ಎರಡೂ ಒಬ್ಬಳಲ್ಲಿಯೇ ಕೂಡಿದರೆ, ಕಿಟ್ಟೆಲ್ಲರ ಕೋಶದಲ್ಲಿ ಇಂದಿಗೂ ತೆರಪಾಗಿ ಉಳಿದಿರುವ ಸ್ಥಾನಗಳು ತುಂಬುವವು.

ಆದುದರಿಂದ ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಮಗಳು ಭಾಷೆಯನ್ನು ಓದುವೆನೆಂದರೆ, ಅವಳ ಆಸೆಯನ್ನು ವಿಚಾರಿಸದೆ ತಳ್ಳಿಹಾಕಬೇಡಿರಿ. ಆಕೆಗೆ ಕಿವಿಯ ಸೂಕ್ಷ್ಮತೆಯುಂಟೇ, ತಾಳ್ಮೆಯುಂಟೇ, ಒಂದು ಶಬ್ದಕ್ಕಾಗಿ ಒಂದು ದಿನವನ್ನು ಸಲ್ಲಿಸಬಲ್ಲಳೇ ಎಂಬುದನ್ನು ನೋಡಿರಿ. ಇದ್ದರೆ ಕಳುಹಿಸಿರಿ. ಈ ದಾರಿಯಲ್ಲಿ ಐಶ್ವರ್ಯವು ಶೀಘ್ರವಾಗಿ ಬರುವುದೆಂದು ನಾನು ಹೇಳಲಾರೆನು. ಕಿಟ್ಟೆಲ್ಲರಿಗೂ ಅದು ಬರಲಿಲ್ಲ. ಆದರೆ ಮರ್ಯಾದೆಯ ಜೀವನಕ್ಕೆ ಸಾಲುವಷ್ಟು ಕೆಲಸವುಂಟು, ಜೀವಮಾನಕ್ಕೆ ಸಾಲುವಷ್ಟು ಉದ್ದೇಶವುಂಟು. ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿಯೂ ಒಂದು ಮಾತು. ನೀವು ಎಲ್ಲಿಯೇ ನೆಲಸಿರಿ, ಯಾವ ಉದ್ಯೋಗದಲ್ಲಿಯೇ ಇರಿ, ನಿಮ್ಮ ತಾಯಿಯವರೂ ಅತ್ತೆಯವರೂ ಆಡುವ ಹಳೆಯ ಶಬ್ದಗಳನ್ನು ಒಂದು ವಹಿಯಲ್ಲಿ ಅರ್ಥಸಹಿತವಾಗಿ ಬರೆದಿಡಿರಿ. ಯಾವ ಊರಿನ ಮಾತು, ಯಾರು ಯಾವ ಸಂದರ್ಭದಲ್ಲಿ ಆಡುವರು ಎಂಬುದನ್ನೂ ಬರೆಯಿರಿ. ಇದಕ್ಕೆ ಪದವಿ ಬೇಡ. ನೆಲವು ಬೇರೆ, ನುಡಿಯು ಬೇರೆಯಾದ ದೂರದೇಶದಿಂದ ಬಂದವರೊಬ್ಬರು ನಮ್ಮ ಮಾತಿಗಾಗಿ ತಮ್ಮ ಕಣ್ಣುಗಳನ್ನು ಸವೆಸಿದರು. ಆ ಮಾತಿನಲ್ಲಿಯೇ ಹುಟ್ಟಿದ ನಾವು ದಿನಕ್ಕೆ ಒಂದು ಪುಟವನ್ನು ಬರೆಯಲಾರೆವೇ?